ಬೂಟು ಮರೆತ ಮ್ಯಾನೇಜರು

ಅಮೆರಿಕದ ಟೆನೆಸಿ ರಾಜ್ಯದಲ್ಲಿರುವ ತಂಗಿ ಮಗ ಭಾನುವಾರ ಫೋನ್ ಮಾಡಿದವನು ಊಟ ಆಯ್ತಾ ಅಂತಲೂ ಕೇಳದೆ, "ಮಾಮಾ, ನಿಮ್ಮಂಗೇ ಬೂಟು ಮರೆತೋನು ಇಲ್ಲೊಬ್ಬ ಇದ್ದ ನೋಡ್ರಿ" ಅಂದ. ನನ್ನ ಬೂಟಿನ ಕತೆ ನಮ್ಮ ಮನೆಯಲ್ಲಿ ಹಬ್ಬಕ್ಕೊಮ್ಮೆ ಎದ್ದೇ ಏಳುತ್ತದೆ. ಹೊಸ ಸೊಸೆ ಬಂದರೆ ವಾರದೊಳಗೆ ಅವಳ ಕಿವಿಗೂ ಬಿದ್ದಿರುತ್ತದೆ.

1983ರಲ್ಲಿ ದಾವಣಗೆರೆಯಲ್ಲಿ ಬಿ.ಕಾಂ. ಓದುತ್ತಿದ್ದೆ. ಆಟ ಬರುತ್ತಿರಲಿಲ್ಲ. ಲೆಕ್ಕ ಸರಿಯಾಗಿ ಬರೆಯುತ್ತೇನೆಂದು ಆಟದ ಮೇಷ್ಟ್ರು ಪಿ.ಡಿ. ಸರ್ ನನ್ನನ್ನು ಫುಟ್‌ಬಾಲ್ ಟೀಮಿಗೆ ಮ್ಯಾನೇಜರ್ ಮಾಡಿದ್ದರು. ಟಿಕೆಟ್ ತೆಗೆಸುವುದು, ಹುಡುಗರಿಗೆ ದಿನಭತ್ಯೆ ಹಂಚುವುದು, ಚೆಂಡಿಗೆ ಗಾಳಿ ಹೊಡೆಸುವುದು, ಬೂಟಿನ ಗೋಣಿಚೀಲ ಹೊರುವುದು. ಇಷ್ಟೇ ಮ್ಯಾನೇಜರಿಕೆ. ಶಿವಮೊಗ್ಗಕ್ಕೆ ಹೊರಟ ದಿನ ಬಸ್‌ಸ್ಟ್ಯಾಂಡ್ ಹತ್ತಿರ ಮಂಡಕ್ಕಿ-ಮಿರ್ಚಿ ಕಟ್ಟಿಸಲು ನಿಂತೆ. ಪೊಟ್ಟಣ ಬಸ್ಸು ಹತ್ತಿತು, ಚೀಲ ಹತ್ತಲಿಲ್ಲ. ಚನ್ನಗಿರಿ ದಾಟಿದ ಮೇಲೆ ಕ್ಯಾಪ್ಟನ್ ಕೇಳಿದ: "ಬೂಟು ಎಲ್ಲಲೇ?" ಬಾಯಲ್ಲಿದ್ದ ಮಿರ್ಚಿ ಇಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ಬರಿಗಾಲಲ್ಲಿ ಆಡಿ ನಾಲ್ಕು ಗೋಲು ತಿಂದು ಬಂದೆವು. ಮರುದಿನ ಹೋಗಿ ನೋಡಿದರೆ ಅಂಗಡಿಯವನು ಅದೇ ಚೀಲದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದ.

ಅಳಿಯ ಹೇಳಿದ ಮನುಷ್ಯ ಲ್ಯೂಕ್ ಲೀ. 1899ರಲ್ಲಿ ಟೆನೆಸಿಯ ಸವಾನೀ ಎಂಬ ಗುಡ್ಡದ ಮೇಲಿನ ಸಣ್ಣ ಕಾಲೇಜಿನ ಟೀಮಿಗೆ ಮ್ಯಾನೇಜರ್, ತಾನೂ ವಿದ್ಯಾರ್ಥಿಯೇ. ಅವರ ಫುಟ್‌ಬಾಲ್ ನಮ್ಮದಲ್ಲ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವ ಆಟ. ಕುಸ್ತಿಗೂ ಕಬಡ್ಡಿಗೂ ಹುಟ್ಟಿದ ಕೂಸು ಅಂದುಕೊಳ್ಳಿ. ಆಗಿನ್ನೂ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ, ಆ ಅನುಮತಿ ಸಿಕ್ಕಿದ್ದು 1906ರಲ್ಲಿ. ಸುಸ್ತಾಗಿ ಹೊರಗೆ ಬಂದವನು ಮತ್ತೆ ಒಳಗೆ ಹೋಗುವಂತಿರಲಿಲ್ಲ.

ವ್ಯಾಂಡರ್ಬಿಲ್ಟ್ ಕಾಲೇಜಿನ ಜೊತೆ ಗೇಟ್ ಕಲೆಕ್ಷನ್ ಹಂಚಿಕೆಯಲ್ಲಿ ಜಗಳವಾಗಿ, ಆ ವರ್ಷದ ದೊಡ್ಡ ಪಂದ್ಯವೇ ತಪ್ಪಿಹೋಯಿತು. ದುಡ್ಡು ಎಲ್ಲಿಂದ ತರೋದು? ಲೀ ಕೂತು ರೈಲಿನ ದಾರಿ ಹಿಡಿದು ಪಂದ್ಯ ಜೋಡಿಸಿದ. ಹೋಗಿ ಬರಲು ಸುಮಾರು 2,500 ಮೈಲಿ, ಆರು ದಿನದಲ್ಲಿ ಐದು ಪಂದ್ಯ. ನಾನು ಒಂದು ಶಿವಮೊಗ್ಗಕ್ಕೇ ಎಡವಿದವನು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ನೀರು. ಪರ ಊರಿನ ನೀರು ಕುಡಿದು ಹುಡುಗರ ಹೊಟ್ಟೆ ಕೆಟ್ಟೀತೆಂದು ತಮ್ಮ ಗುಡ್ಡದ ಊಟೆ ನೀರನ್ನು ಎರಡು ಪೀಪಾಯಿ ತುಂಬಿಸಿ ರೈಲಿಗೆ ಹಾಕಿಸಿದ್ದರು. ನಮ್ಮಜ್ಜಿ ಇದ್ದಿದ್ದರೆ ಭೇಷ್ ಅನ್ನುತ್ತಿದ್ದಳು. ಅಷ್ಟು ಮುಂಜಾಗ್ರತೆಯ ಆಸಾಮಿ ಬೂಟನ್ನು ಸ್ಟೇಷನ್ನಿನಲ್ಲಿ ಬಿಟ್ಟು ರೈಲು ಹತ್ತಿದ್ದನಂತೆ! ತಂತಿ ಹೊಡೆಸಿ ಹಿಂದೆ ಬರುವ ರೈಲಿನಲ್ಲಿ ತರಿಸಿಕೊಂಡನಂತೆ. ನನಗೆ ತಂತಿಯ ಯೋಚನೆಯೇ ಹೊಳೆಯಲಿಲ್ಲ, ಎದುರಿಗೆ ಬರುವ ಬಸ್ಸಿನ ಕಂಡಕ್ಟರಿಗೆ ಕೈ ಮುಗಿಯೋಣ ಅನ್ನೋದೂ ಹೊಳೆಯಲಿಲ್ಲ.

ನವೆಂಬರ್ 9ಕ್ಕೆ ಟೆಕ್ಸಾಸ್ ಯೂನಿವರ್ಸಿಟಿ ಮೇಲೆ 12-0. ಮರುದಿನ ಟೆಕ್ಸಾಸ್ ಎ ಅಂಡ್ ಎಂ ಮೇಲೆ 10-0, ಅದರ ಮರುದಿನ ಟುಲೇನ್ ಮೇಲೆ 23-0. ಭಾನುವಾರ ಬಿಡುವು. ಸೋಮವಾರ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ ಮೇಲೆ 34-0, ಮಂಗಳವಾರ ಮಿಸಿಸಿಪಿ ಮೇಲೆ 12-0. ಐವರಲ್ಲಿ ಒಬ್ಬರಿಗೂ ಒಂದು ಪಾಯಿಂಟ್ ಸಿಗಲಿಲ್ಲ. ಕರೆದುಕೊಂಡು ಹೋಗಿದ್ದ ಆಟಗಾರರು 21 ಜನ. ರಾತ್ರಿ ರೈಲು, ಹಗಲು ಗುದ್ದಾಟ. ಇಡೀ ಸೀಸನ್ನಿನಲ್ಲಿ 12 ಪಂದ್ಯ, ಹನ್ನೆರಡೂ ಗೆಲುವು, 322 ಪಾಯಿಂಟು. ಬಿಟ್ಟುಕೊಟ್ಟಿದ್ದು ಬರೀ 10, ಅದೂ ಆಬರ್ನ್ ಒಂದಕ್ಕೇ. ಆ ಪಂದ್ಯ ಗೆದ್ದದ್ದು 11-10ರಲ್ಲಿ. ಆವತ್ತು ಆ ಮ್ಯಾನೇಜರನ ಎದೆ ಹೇಗೆ ಹೊಡೆದುಕೊಂಡಿರಬೇಕು ಅನ್ನೋದು ಆಟಗಾರರಿಗೆ ತಿಳಿಯುವ ಮಾತಲ್ಲ.

ಈ ಲೀ 1911ರಲ್ಲಿ ಅಮೆರಿಕದ ಸೆನೆಟರ್ ಆದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಮಾಜಿ ಚಕ್ರವರ್ತಿ ಕೈಸರನನ್ನೇ ಎತ್ತಿಕೊಂಡು ಬರುತ್ತೇನೆಂದು ಆರು ಜನರನ್ನು ಕಟ್ಟಿಕೊಂಡು ಹೋದನಂತೆ. ಕೈಸರ್ ಕೈಗೆ ಸಿಗಲಿಲ್ಲ. ಜೊತೆಗಿದ್ದವನೊಬ್ಬ ಆ ಮನೆಯಿಂದ ಒಂದು ಆಶ್‌ಟ್ರೇ ಎತ್ತಿಕೊಂಡು ಬಂದ.

ನನಗೆ ಮರುವರ್ಷ ಪಿ.ಡಿ. ಸರ್ ನಿಂಬೆಹಣ್ಣಿನ ಡಬ್ಬಿ ಕೊಟ್ಟರು. ಗೋಣಿಚೀಲ ಗೋಲ್‌ಕೀಪರನ ತಮ್ಮನ ಹೆಗಲಿಗೆ ಹೋಯಿತು.