ಮೊಲದ ಮರಿ ಪೆಟ್ಟಿಗೆ: ಮೊದಲ 20 ದಿನಗಳ ಹಾಸು

ತಿಪಟೂರಿನ ಸೀಮೆಯಲ್ಲಿ ಪ್ರಾಣಿಗಳಿಗೆ ಹಾಸಲು ಏನಾದರೂ ಬೇಕೆಂದರೆ ಮೊದಲು ಕೈಗೆ ಸಿಗುವುದು ತೆಂಗಿನ ನಾರು. ಮೆತ್ತಗಿರುತ್ತದೆ, ಒಣಗಿರುತ್ತದೆ, ದುಡ್ಡು ಕೊಡಬೇಕಾಗಿಲ್ಲ ಎಂಬ ಲೆಕ್ಕದಲ್ಲಿ, ಮೊಲ ಸಾಕಲು ತೊಡಗಿದ ಮೊದಲ ವರ್ಷ ನಾನೂ ಮರಿ ಪೆಟ್ಟಿಗೆಗೆ, ಅಂದರೆ ತಾಯಿ ಮರಿ ಹಾಕಲೆಂದು ಪಂಜರದೊಳಗೆ ಇಡುವ ಪೆಟ್ಟಿಗೆಗೆ, ಅದನ್ನೇ ತುಂಬಿದ್ದೆ. ಮರಿ ಹುಟ್ಟಿದ ಆರನೆಯ ದಿನ ಒಂದರ ಹಿಂಗಾಲು ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆಳಕಿಗೆ ಹಿಡಿದು ನೋಡಿದಾಗ, ಕೂದಲಿನಷ್ಟು ಸಣ್ಣದೊಂದು ನಾರಿನ ಎಳೆ ಪಾದದ ಮೇಲೆ ಎರಡು ಸುತ್ತು ಬಿಗಿದುಕೊಂಡು ಚರ್ಮದೊಳಗೆ ಹೂತುಹೋಗಿರುವುದು ಕಂಡಿತು. ಉಗುರು ಕತ್ತರಿಯ ತುದಿಯಿಂದ ಎಳೆಯನ್ನು ಬಿಡಿಸಿದೆನಾದರೂ ಪಾದ ಉಳಿಯಲಿಲ್ಲ; ಎರಡು ದಿನ ಕಳೆಯುವಷ್ಟರಲ್ಲಿ ಮರಿಯೂ ಉಳಿಯಲಿಲ್ಲ. ಅಂದಿನಿಂದ ನಮ್ಮಲ್ಲಿ ತೆಂಗಿನ ನಾರು, ಹತ್ತಿ, ಗೋಣಿಚೀಲದ ಎಳೆ, ಹಳೆಯ ಬಟ್ಟೆಯ ಚಿಂದಿ ಇವು ಯಾವುವೂ ಪೆಟ್ಟಿಗೆಯೊಳಗೆ ಹೋಗುವುದಿಲ್ಲ. ಎಳೆಯಾಗಿ ಬಿಚ್ಚಿಕೊಳ್ಳುವ ಯಾವ ವಸ್ತುವಾದರೂ, ಸದಾ ಒಂದರ ಮೇಲೊಂದು ಹೊರಳಾಡುವ ಮರಿಗಳ ಕಾಲಿಗೆ ಕುಣಿಕೆಯೇ ಆಗುತ್ತದೆ.

ಈಗ ನಾನು ಬಳಸುವ ಪೆಟ್ಟಿಗೆಯನ್ನು ಊರಿನ ಬಡಗಿಯೊಬ್ಬರು ಸಾದಾ ಹಲಗೆಯಲ್ಲಿ ಮಾಡಿಕೊಟ್ಟಿದ್ದಾರೆ. ನ್ಯೂಜಿಲೆಂಡ್ ವೈಟ್‌ನಂತಹ ತಳಿಯ, ನಾಲ್ಕು ಕೆಜಿ ತೂಗುವ ತಾಯಿಗೆ 18 ಅಂಗುಲ ಉದ್ದ, 12 ಅಂಗುಲ ಅಗಲ, 12 ಅಂಗುಲ ಎತ್ತರ ಸಾಕಾಗುತ್ತದೆ. ಮುಂಭಾಗವನ್ನು ಮಾತ್ರ 6 ಅಂಗುಲಕ್ಕೆ ತಗ್ಗಿಸಿರಬೇಕು. ಅದಕ್ಕಿಂತ ತಗ್ಗಾದರೆ ಮೊಲೆ ಕಚ್ಚಿಕೊಂಡಿರುವ ಮರಿಯನ್ನು ತಾಯಿ ತನಗರಿವಿಲ್ಲದೆಯೇ ಹೊರಗೆ ಎಳೆದು ತರುತ್ತದೆ. ಎತ್ತರವಾದರೆ ತಾಯಿ ಒಳಕ್ಕೆ ಧುಮುಕಿ ಮರಿಗಳನ್ನು ತುಳಿಯುತ್ತದೆ. ತಳದಲ್ಲಿ ಪೆನ್ಸಿಲ್ ತೂರುವಷ್ಟು ದಪ್ಪದ ಎಂಟು ಹತ್ತು ತೂತುಗಳಿರಲೇಬೇಕು. ಪ್ಲೈವುಡ್ ಅಗ್ಗವೆಂದು ಒಮ್ಮೆ ಮಾಡಿಸಿದ್ದೆ. ಮೂತ್ರಕ್ಕೆ ಪದರ ಪದರವಾಗಿ ಬಿಟ್ಟುಕೊಂಡಿತು, ಬಿಟ್ಟ ಪದರವನ್ನು ಮೊಲ ಅಂಟಿನ ಸಮೇತ ಕಡಿಯತೊಡಗಿತು. ತಗಡಿನ ಪೆಟ್ಟಿಗೆಯ ಮಾತನ್ನಂತೂ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಎತ್ತಲೇಬಾರದು.

ಗಂಡಿನೊಡನೆ ಕೂಡಿಸಿದ ದಿನವನ್ನು ಪಂಜರದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಸಾಮಾನ್ಯವಾಗಿ 31ನೆಯ ದಿನದ ಆಸುಪಾಸಿನಲ್ಲಿ ಮೊಲ ಮರಿ ಹಾಕುವುದರಿಂದ, 28ನೆಯ ದಿನ ಪೆಟ್ಟಿಗೆಯನ್ನು ಒಳಗಿಟ್ಟರೆ ಸರಿಹೋಗುತ್ತದೆ. ಆತುರಪಟ್ಟು ವಾರ ಮೊದಲೇ ಇಟ್ಟರೆ ಗಬ್ಬದ ಮೊಲ ಅದನ್ನು ಪಾಯಿಖಾನೆ ಮಾಡಿಕೊಳ್ಳುತ್ತದೆ. ತಳದಲ್ಲಿ ಎರಡು ಅಂಗುಲದಷ್ಟು, ಬಡಗಿಯ ಕೀಸುಳಿಯಿಂದ ಬೀಳುವ ಮರದ ಸುರುಳಿಗಳನ್ನು ಹರಡುತ್ತೇನೆ. ಗರಗಸದ ನುಣ್ಣನೆಯ ಹೊಟ್ಟು ಮರಿಗಳ ಮೂಗು, ಕಣ್ಣುಗಳಿಗೆ ಸೇರುವುದರಿಂದ ಅದು ಬೇಡ. ಅದರ ಮೇಲೆ ಪೆಟ್ಟಿಗೆಯ ಮುಕ್ಕಾಲು ಭಾಗ ತುಂಬುವಂತೆ ಒಣ ಹುಲ್ಲು. ರಾಗಿ ಹುಲ್ಲಿನ ಕಡ್ಡಿ ಬಿರುಸು. ಭತ್ತದ ಹುಲ್ಲನ್ನು ಕೈಯಲ್ಲಿ ಹಿಸುಕಿ, ಗೇಣುದ್ದಕ್ಕೆ ಕತ್ತರಿಸಿ ಹಾಕಿದರೆ ತಾಯಿಗೂ ಬಗ್ಗುತ್ತದೆ, ಮರಿಗೂ ಚುಚ್ಚುವುದಿಲ್ಲ. ಹಿಂಭಾಗದ ಮೂಲೆಯಲ್ಲಿ ಮುಷ್ಟಿಯಿಂದ ಒತ್ತಿ ಒಂದು ಗುಳಿ ಮಾಡಿಟ್ಟರೆ ಉಳಿದ ಕೆಲಸವನ್ನು ತಾಯಿ ನೋಡಿಕೊಳ್ಳುತ್ತದೆ. ಮರಿ ಹಾಕುವ ಹಿಂದಿನ ದಿನವೋ ಅದೇ ರಾತ್ರಿಯೋ ತನ್ನ ಎದೆ, ಹೊಟ್ಟೆಗಳ ತುಪ್ಪಳವನ್ನು ತಾನೇ ಕಿತ್ತು ಆ ಗುಳಿಗೆ ತುಂಬುತ್ತದೆ. ಚೊಚ್ಚಲು ಮೊಲಗಳು ಕೆಲವೊಮ್ಮೆ ಕೀಳುವುದಿಲ್ಲ. ಅಂತಹ ಹೊತ್ತಿಗೆಂದು, ಧಾರಾಳವಾಗಿ ಕೀಳುವ ಹಳೆಯ ತಾಯಿಯೊಂದರ ಹೆಚ್ಚಿನ ತುಪ್ಪಳವನ್ನು ಬಿಸಿಲಿಗೆ ಒಣಗಿಸಿ ಕಾಗದದ ಚೀಲದಲ್ಲಿ ಕಟ್ಟಿಟ್ಟಿರುತ್ತೇನೆ.

ಮುಟ್ಟಿದರೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತದೆ ಎಂಬ ಮಾತನ್ನು ನಮ್ಮ ಅತ್ತೆಯವರು ಈಗಲೂ ಹೇಳುತ್ತಾರೆ. ಸಾಕಿದ ಮೊಲ ನಮ್ಮ ಕೈವಾಸನೆಗೆ ಒಗ್ಗಿರುತ್ತದೆ. ಮೊದಲ ದಿನವೇ ಕೈ ತೊಳೆದು, ತಾಯಿಯ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿ, ಪೆಟ್ಟಿಗೆಯನ್ನು ಹೊರತೆಗೆದು ಮರಿಗಳನ್ನು ಎಣಿಸದಿದ್ದರೆ ನಷ್ಟ ನಮ್ಮದೇ. ಸತ್ತ ಮರಿ, ಮಾಸು, ರಕ್ತ ಹತ್ತಿದ ಹುಲ್ಲು ಒಳಗೆ ಉಳಿದರೆ ಇರುವೆ ಬರುವುದಕ್ಕೆ ಒಂದು ಗಂಟೆ ಸಾಕು, ಮತ್ತು ಕೆಂಜಿಗಕ್ಕೆ ಬರಿಮೈಯ ಮರಿಯೆಂದರೆ ಸತ್ತದ್ದೂ ಒಂದೇ, ಬದುಕಿದ್ದೂ ಒಂದೇ. ಪಂಜರದ ನಾಲ್ಕು ಕಾಲುಗಳನ್ನೂ ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸಿ, ನೀರಿನ ಮೇಲೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ನಾಲ್ಕು ಹನಿ ಬಿಟ್ಟಿರುತ್ತೇನೆ. ಗೋಡೆಗೆ ತಗುಲಿರುವ ಒಂದು ಹುಲ್ಲುಕಡ್ಡಿ ಸಾಕು ಈ ಕಾವಲನ್ನೆಲ್ಲ ವ್ಯರ್ಥ ಮಾಡಲು.

ಹುಟ್ಟಿದ ಮರಿ 50 ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ. ಕಣ್ಣು, ಕಿವಿ ಮುಚ್ಚಿರುತ್ತವೆ. ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ತಾಯಿ ದಿನಕ್ಕೆ ಒಂದೇ ಸಲ, ಅದೂ ಮೂರರಿಂದ ಐದು ನಿಮಿಷ ಮಾತ್ರ ಹಾಲೂಡಿಸಿ ಹೊರಗೆ ಬರುವುದರಿಂದ, ಉಳಿದ ಹೊತ್ತಿನಲ್ಲೆಲ್ಲ ಮರಿಗಳನ್ನು ಕಾಯುವುದು ತುಪ್ಪಳ ಮತ್ತು ಹುಲ್ಲು. ತಾಯಿ ಪೆಟ್ಟಿಗೆಯ ಹತ್ತಿರವೇ ಸುಳಿಯುತ್ತಿಲ್ಲವೆಂದು ಹೊಸಬರು ಗಾಬರಿಯಾಗುತ್ತಾರೆ. ನೋಡಬೇಕಾದದ್ದು ಮರಿಯ ಹೊಟ್ಟೆಯನ್ನು. ಹಾಲು ಕುಡಿದ ಮರಿಯ ಹೊಟ್ಟೆ ನಿಂಬೆಹಣ್ಣಿನಂತೆ ದುಂಡಗಾಗಿ, ತೆಳು ಚರ್ಮದ ಕೆಳಗೆ ಹಾಲಿನ ಬಿಳುಪೇ ಕಾಣುತ್ತದೆ. ಹಾಲಿಲ್ಲದ ಮರಿಯ ಚರ್ಮ ಸುಕ್ಕುಗಟ್ಟಿರುತ್ತದೆ. ಬೆಳಿಗ್ಗೆ ಪೆಟ್ಟಿಗೆಯ ಮೇಲೆ ಬಗ್ಗಿದಾಗ, ಹಾಲು ಉಕ್ಕುವ ಮುಂಚೆ ಕೆನೆ ಮಿಸುಕುವಂತೆ ತುಪ್ಪಳದ ರಾಶಿ ಮೆಲ್ಲಗೆ ಏರಿಳಿಯುತ್ತಿದ್ದರೆ ಒಳಗೆ ಎಲ್ಲವೂ ಸರಿಯಿದೆ ಎಂದರ್ಥ. ಹೊರಗೆ ಬಿದ್ದು ತಣ್ಣಗಾದ ಮರಿಯನ್ನು ಸತ್ತಿತೆಂದು ಎಸೆಯುವ ಮುನ್ನ ಅಂಗೈಯಲ್ಲಿಯೋ ಮಡಿಲಿನಲ್ಲಿಯೋ ಅರ್ಧ ಗಂಟೆ ಬೆಚ್ಚಗಿಟ್ಟು ನೋಡಬೇಕು. ಕಲ್ಲಿನಂತೆ ತಣ್ಣಗಿದ್ದ ಮರಿಯೊಂದು ನನ್ನ ಕೈಯಲ್ಲಿ ಬಾಯಿ ತೆರೆದು ಉಸಿರೆಳೆದುಕೊಂಡದ್ದನ್ನು ನಾನೇ ಕಂಡಿದ್ದೇನೆ. ಬೆಕ್ಕಿನಂತೆ ಮರಿಯನ್ನು ಬಾಯಲ್ಲಿ ಕಚ್ಚಿ ಗೂಡಿಗೆ ತರುವ ಅಭ್ಯಾಸ ಮೊಲಕ್ಕಿಲ್ಲವಾದ್ದರಿಂದ ಆ ಕೆಲಸ ನಮ್ಮದು.

ಮೊದಲ ವಾರ ಮರಿಯನ್ನು ಉಳಿಸಿದ ಅದೇ ದಪ್ಪ ಹಾಸು ಎರಡನೆಯ ವಾರದಲ್ಲಿ ಅದಕ್ಕೆ ಮುಳುವಾಗುತ್ತದೆ ಎಂಬುದನ್ನು ತಿಳಿಯಲು ನನಗೆ ಮೂರು ಸೂಲು ಬೇಕಾದವು. ವಾರದ ಹೊತ್ತಿಗೆ ಮರಿಯ ತೂಕ ಇಮ್ಮಡಿಯಾಗಿ ಮೈಮೇಲೆ ಒತ್ತಾದ ಕೂದಲು ಬಂದಿರುತ್ತದೆ. ಎಂಟು ಮರಿಗಳ ಮೂತ್ರವೆಲ್ಲ ತಳದ ಸುರುಳಿಗಳಿಗೆ ಇಳಿದು, ಮೇಲೆ ಒಣಗಿದಂತೆ ಕಂಡರೂ ಕೈಯನ್ನು ತಳದವರೆಗೆ ಇಳಿಸಿದಾಗ ಬೆರಳುಗಳು ಒದ್ದೆಯಾಗುತ್ತವೆ. ಆ ಬೆರಳುಗಳನ್ನು ಮೂಗಿನ ಹತ್ತಿರ ತಂದಾಗ ಅಮೋನಿಯಾ ಘಾಟು ಹೊಡೆದರೆ ಹಾಸು ಬದಲಿಸುವುದು ಈಗಾಗಲೇ ತಡವಾಗಿದೆ. ನನ್ನ ಪದ್ಧತಿಯೆಂದರೆ, ಐದನೆಯ ದಿನದಿಂದ ಎರಡು ದಿನಕ್ಕೊಮ್ಮೆ ಮರಿಗಳನ್ನು ತುಪ್ಪಳದ ಸಮೇತ ಒಂದು ಮೊರಕ್ಕೆ ಎತ್ತಿಟ್ಟು, ಒದ್ದೆಯಾದುದನ್ನೆಲ್ಲ ಹೊರಗೆ ಸುರಿದು, ಹೊಸ ಸುರುಳಿ ಹಾಗೂ ಮೊದಲಿಗಿಂತ ಕಡಿಮೆ ಹುಲ್ಲನ್ನು ಹಾಸಿ, ಒಣಗಿರುವ ತುಪ್ಪಳದಲ್ಲಿ ಅರ್ಧವನ್ನಷ್ಟೇ ಮರಳಿ ಹಾಕುವುದು. ತಾಯಿ ಬಿಟ್ಟ ನಾಲ್ಕಾರು ಒಣ ಹಿಕ್ಕೆಗಳಿದ್ದರೆ ಅವಕ್ಕೆ ಹೆದರುವುದಿಲ್ಲ. ಮರಿಗಳು ಅವನ್ನು ಮೆಲ್ಲುತ್ತವೆ.

ಈ ಒದ್ದೆಯ ಫಲ ಕಾಣಿಸಿಕೊಳ್ಳುವುದು ಕಣ್ಣಿನಲ್ಲಿ. 10ರಿಂದ 12 ದಿನಗಳ ನಡುವೆ ಕಣ್ಣು ತೆರೆಯಬೇಕು. ಕೊಳೆತ ಹಾಸಿನಲ್ಲಿ ಬೆಳೆದ ಮರಿಯ ರೆಪ್ಪೆಗಳು ಕೀವಿನಿಂದ ಅಂಟಿಕೊಂಡಿರುತ್ತವೆ. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಬೆರೆಸಿ, ಹತ್ತಿಯನ್ನು ಅದ್ದಿ ರೆಪ್ಪೆಯ ಮೇಲೆ ಒತ್ತಿ ಹಿಡಿದರೆ ಅಂಟು ಕರಗುತ್ತದೆ, ಬಲವಂತವಾಗಿ ಬಿಡಿಸಬಾರದು. ಕೀವು ಹೆಚ್ಚಿದ್ದರೆ ಪಶುವೈದ್ಯರು ಬರೆದುಕೊಟ್ಟ ಕಣ್ಣಿನ ಮುಲಾಮು ಬೇಕಾಗುತ್ತದೆ. ಎರಡು ದಿನ ಉದಾಸೀನ ಮಾಡಿದರೆ ಕಣ್ಣೇ ಹೋಗಬಹುದು.

ಪುಸ್ತಕಗಳಲ್ಲಿ ಓದಿದ್ದನ್ನು ಊರಿನ ಹವೆಗೆ ತಕ್ಕಂತೆ ತಿದ್ದಿಕೊಳ್ಳಬೇಕಾದ ಜಾಗವೂ ಇದೇ. ಮೊಲಗಳ ಮೇಲೂ ಸಂಶೋಧನೆ ನಡೆಸುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರವಿರುವ ಮನ್ನವನೂರು ಕೊಡೈಕೆನಾಲ್ ಬೆಟ್ಟಗಳ ತಂಪಿನಲ್ಲಿದೆ. ಅಂತಹ ಕಡೆ ಮುಚ್ಚಳವಿರುವ ಪೆಟ್ಟಿಗೆ ಹಿತವೆನಿಸಿದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ಮಾರ್ಚ್ ಬಂತೆಂದರೆ ಮಧ್ಯಾಹ್ನ ಮುಚ್ಚಳದ ಪೆಟ್ಟಿಗೆ ಒಲೆಯಾಗುತ್ತದೆ. ಮರಿಗಳು ಗುಂಪಾಗಿದ್ದರೆ ಅವಕ್ಕೆ ಹದವಾಗಿದೆ ಅಥವಾ ಚಳಿಯಾಗಿದೆ. ಒಂದೊಂದು ಮೂಲೆಗೆ ಒಂದೊಂದು ಕೈಕಾಲು ಚಾಚಿ ಬಿದ್ದು, ಚರ್ಮ ಕೆಂಪೇರಿದ್ದರೆ ಸೆಕೆಯಾಗಿದೆ. ಆಗ ತುಪ್ಪಳವನ್ನೆಲ್ಲ ಬದಿಗೆ ಸರಿಸಿ, ಶೆಡ್ಡಿನ ಕಿಟಕಿಗೆ ಒದ್ದೆ ಗೋಣಿ ಇಳಿಬಿಡುತ್ತೇನೆ. ಸಂಜೆ ತಂಪಾದ ಮೇಲೆ ತುಪ್ಪಳ ಮತ್ತೆ ಒಳಕ್ಕೆ. ಬೇಸಿಗೆಯ ಮರಿಗಳಿಗೆ 15ನೆಯ ದಿನಕ್ಕೇ ಪೆಟ್ಟಿಗೆ ಸಾಕು. ಡಿಸೆಂಬರಿನ ಸೂಲಿಗೆ 20 ದಿನದವರೆಗೂ ಬಿಟ್ಟಿರುತ್ತೇನೆ.

ತೆಗೆದ ಪೆಟ್ಟಿಗೆಯನ್ನು ಕೆರೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು, ಎರಡು ಮೂರು ದಿನ ಬಿಸಿಲಿನಲ್ಲಿ ಬೋರಲು ಹಾಕುತ್ತೇನೆ. ಹಳೆಯ ಹಾಸು ತೆಂಗಿನ ಬುಡಕ್ಕೆ.

ಮೊನ್ನೆ ಸೋವಿಯತ್ ಚಿಂಚಿಲ್ಲಾ ತಳಿಯ ತಾಯಿಯ ಏಳು ಮರಿಗಳಿಗೆ 18 ದಿನ ತುಂಬಿತು. ಜಾಲರಿಯ ತಳ ರಾತ್ರಿ ತಣ್ಣಗಿರುತ್ತದೆಂದು ಒಂದು ಹಲಗೆಯ ತುಂಡನ್ನು ಹಾಸಿ ಪೆಟ್ಟಿಗೆಯನ್ನು ಎತ್ತಿದೆ. ಮರಿಗಳು ಸಂಜೆಯವರೆಗೆ ಪಂಜರದ ತುಂಬ ಓಡಾಡಿ, ತಾಯಿಯ ತಟ್ಟೆಯಿಂದ ಹುಲ್ಲು ಕಚ್ಚಿ ಎಳೆದವು. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಹಲಗೆಯ ಮೇಲೆ ಒಂದೂ ಇರಲಿಲ್ಲ. ಏಳೂ ಮರಿಗಳು ಪೆಟ್ಟಿಗೆಯಿದ್ದ ಮೂಲೆಯಲ್ಲಿ, ಪೆಟ್ಟಿಗೆಯ ಅಗಲದಷ್ಟೇ ಜಾಗದಲ್ಲಿ, ಒಂದರ ಮೇಲೊಂದು ಮಲಗಿದ್ದವು. ಹಲಗೆಯನ್ನು ಆ ಮೂಲೆಗೆ ಸರಿಸಿ ಬಂದೆ.