‘ಕೋಲ್ಡ್ ವಾರ್’ ನೋಡಿದ ಸಂಜೆ

ಪಾವೆಲ್ ಪಾವ್ಲಿಕೋವ್‌ಸ್ಕಿ ನಿರ್ದೇಶನದ ‘ಕೋಲ್ಡ್ ವಾರ್’ (2018) ಶುರುವಾಗಿ ಎರಡೇ ನಿಮಿಷಕ್ಕೆ ಪ್ರೊಜೆಕ್ಟರ್ ನಿಲ್ಲಿಸಬೇಕಾಯಿತು. ಪೋಲೆಂಡ್‌ನ ಹಳ್ಳಿ ಹಾಡುಗಾರರ ಮುಖಗಳೆಲ್ಲ ಅಡ್ಡಡ್ಡ ಊದಿಕೊಂಡಿದ್ದವು. ಈ ಚಿತ್ರದ ಚೌಕಟ್ಟಿನ ಅಗಲ-ಎತ್ತರದ ಅನುಪಾತ 1.37:1, ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರ. ಅದನ್ನು 16:9 ಪರದೆಯ ತುಂಬ ಎಳೆದರೆ ಮುಖ ಶೇ 30ರಷ್ಟು ಅಗಲವಾಗುತ್ತದೆ. ಝೂಮ್ ಮಾಡಿದರಂತೂ ಎತ್ತರದಲ್ಲಿ ಸುಮಾರು ಕಾಲು ಭಾಗವೇ ಕತ್ತರಿಸಿಹೋಗುತ್ತದೆ. ಗಾಯಕಿಯರ ಸಾಲುಗಳ ಹಿಂದಿನಿಂದ ಸ್ಟಾಲಿನ್‌ನ ದೈತ್ಯ ಭಾವಚಿತ್ರ ಮೇಲೇಳುವ ದೃಶ್ಯದಲ್ಲಿ ಆ ಎತ್ತರವೇ ಅರ್ಥ. ಆದ್ದರಿಂದ ಸೆಟ್ಟಿಂಗ್‌ನಲ್ಲಿ ಮೂಲ ಅನುಪಾತವನ್ನೇ ಇಡಬೇಕು. 160 ಸೆಂ.ಮೀ. ಅಗಲದ ಪರದೆಯಲ್ಲಿ ಚಿತ್ರ ಸುಮಾರು 123 ಸೆಂ.ಮೀ. ಬರುತ್ತದೆ, ಎರಡೂ ಬದಿ 18 ಸೆಂ.ಮೀ. ಕಪ್ಪಾಗಿ ಉಳಿಯುತ್ತದೆ. ಉಳಿಯಲಿ. ‘ವಿವಿಡ್’ ಬಿಟ್ಟು ‘ಸಿನಿಮಾ’ ಮೋಡ್ ಹಾಕಿದ ಮೇಲೆ ಕಪ್ಪು-ಬಿಳುಪಿಗೆ ಅಂಟಿದ್ದ ನೀಲಿ ಛಾಯೆಯೂ ಹೋಯಿತು. ಛಾಯಾಗ್ರಾಹಕ ವುಕಾಷ್ ಜಾಲ್ ಅವರ ಬೂದು ಬಣ್ಣದ ಹತ್ತಾರು ಹದಗಳು ಆಗ ಬಿಡಿಬಿಡಿಯಾಗಿ ಕಂಡವು.

ಕಥೆ 1949ರಲ್ಲಿ ಶುರುವಾಗಿ 1964ರಲ್ಲಿ ಮುಗಿಯುತ್ತದೆ. ಜನಪದ ತಂಡ ಕಟ್ಟುವ ಸಂಗೀತಗಾರ ವಿಕ್ಟರ್ (ತೊಮಾಷ್ ಕೋತ್), ಅದಕ್ಕೆ ಆಯ್ಕೆಯಾಗುವ ಝೂಲಾ (ಯೊಆನ್ನಾ ಕುಲಿಗ್). 15 ವರ್ಷಗಳ ಪ್ರೀತಿ ಒಂದೂವರೆ ತಾಸಿನೊಳಗೆ! ಒಂದು ದೃಶ್ಯ ಮುಗಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಬೆಳಕಾದಾಗ ಊರೂ ಇಸವಿಯೂ ಬದಲಾಗಿರುತ್ತವೆ. ನಡುವೆ ಏನಾಯಿತೆಂದು ಯಾರೂ ಕೂತು ಹೇಳುವುದಿಲ್ಲ. ಬರ್ಲಿನ್‌ನಲ್ಲಿ ವಿಕ್ಟರ್ ಪಶ್ಚಿಮಕ್ಕೆ ಗಡಿ ದಾಟಲು ಕಾಯುತ್ತಾನೆ, ಝೂಲಾ ಬರುವುದಿಲ್ಲ. “ಯಾಕೆ ಬರಲಿಲ್ಲ?” ಎಂಬ ಪಿಸುಮಾತು ಕೋಣೆಯಲ್ಲೂ ಎದ್ದಿತು. ಚಿತ್ರವನ್ನು ಒಪ್ಪದವರ ಮುಖ್ಯ ತಕರಾರೂ ಇದೇ: ಬಿರುಕುಗಳು ಹೆಚ್ಚು, ಕಾರಣಗಳು ಕಡಿಮೆ.

ಕಾರಣ ಇದೆ, ಮಾತಿನಲ್ಲಿಲ್ಲ, ಹಾಡಿನಲ್ಲಿದೆ. ‘ದ್ವಾ ಸೆರ್ದುಷ್ಕಾ’, ಅಂದರೆ ಎರಡು ಪುಟ್ಟ ಹೃದಯಗಳು ಎಂಬ ಹಾಡನ್ನು ಹಿಡಿದುಕೊಂಡು ನೋಡಬೇಕು. ಮೊದಲು ಹಳ್ಳಿ ಹುಡುಗಿಯೊಬ್ಬಳ ಬರಿಗಂಟಲಲ್ಲಿ, ಆಮೇಲೆ ರಂಗದ ಮೇಲೆ ಮೇಳದಲ್ಲಿ, ಮತ್ತೆ ಪ್ಯಾರಿಸ್‌ನ ಕ್ಲಬ್ಬಿನಲ್ಲಿ ಜಾಝ್ ಆಗಿ, ಕೊನೆಗೆ ಫ್ರೆಂಚ್ ಮಾತುಗಳನ್ನು ತೊಟ್ಟು. ಆ ಫ್ರೆಂಚ್ ಸಾಹಿತ್ಯ ಝೂಲಾಳ ಬಾಯಿಗೆ ಒಗ್ಗುವುದೇ ಇಲ್ಲ. ತನ್ನ ನುಡಿಯಿಂದ ಕಿತ್ತ ಹಾಡಿನಂತೆ ಅವಳೂ ಅಲ್ಲಿ ಬಾಡುತ್ತಾಳೆ. ಸಬ್‌ಟೈಟಲ್ ಓದುವ ಭರದಲ್ಲಿ ಭಾಷೆ ಬದಲಾದದ್ದು ಕಿವಿ ತಪ್ಪಿದರೆ ಪ್ಯಾರಿಸ್‌ನ ಜಗಳ ಸುಮ್ಮನೆ ಹಟದಂತೆ ಕಾಣುತ್ತದೆ.

ಇದು ಪೋಲೆಂಡ್, ಫ್ರಾನ್ಸ್, ಬ್ರಿಟನ್‌ಗಳ ಸಹನಿರ್ಮಾಣ. ಇಂಥ ಚಿತ್ರಗಳಿಗೆ ಒಂದು ಅಪಾಯ ಇದ್ದೇ ಇದೆ. 1992ರ ಯುರೋಪಿಯನ್ ಸಹನಿರ್ಮಾಣ ಒಪ್ಪಂದದಲ್ಲಿ ಚಿತ್ರವೊಂದು ‘ಯುರೋಪಿನದು’ ಎನಿಸಿಕೊಳ್ಳಲು 19ಕ್ಕೆ 15 ಅಂಕ ಯುರೋಪಿನವರಿಂದಲೇ ಬರಬೇಕಿತ್ತು: ನಿರ್ದೇಶನ, ಚಿತ್ರಕಥೆ, ಮುಖ್ಯ ಪಾತ್ರಕ್ಕೆ ತಲಾ 3, ಸಂಕಲನ, ಛಾಯಾಗ್ರಹಣಕ್ಕೆ ತಲಾ 1, ಹೀಗೆ. ದುಡ್ಡು ಹಾಕಿದ ಪ್ರತಿ ದೇಶದಿಂದ ಒಬ್ಬೊಬ್ಬ ನಟರನ್ನು ತುರುಕಿದರೆ ಕಥೆ ಕಲಸುಮೇಲೋಗರವಾಗುತ್ತದೆ. ಇಲ್ಲಿ ಹಾಗಾಗಿಲ್ಲ. ಫ್ರೆಂಚ್ ನಟಿ ಝಾನ್ ಬಾಲಿಬಾರ್ ಆ ಒಗ್ಗದ ಸಾಹಿತ್ಯ ಬರೆದ ಕವಯಿತ್ರಿಯಾಗಿಯೇ ಬರುತ್ತಾರೆ. ಕಥೆಯೇ ಗಡಿ ದಾಟಿ ಅವರನ್ನು ಕರೆದಿದೆ.

ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂತು. 2018ರ ಯುರೋಪಿಯನ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಶ್ರೇಷ್ಠ ಚಿತ್ರವೂ ಸೇರಿ ಐದು. ಆಸ್ಕರ್‌ಗೆ ಮೂರು ನಾಮನಿರ್ದೇಶನ, ಮೂರರಲ್ಲೂ ಗೆದ್ದದ್ದು ಇನ್ನೊಂದು ಕಪ್ಪು-ಬಿಳುಪು ಚಿತ್ರ ‘ರೋಮಾ’. ಸಂಕಲನಕ್ಕೆ ಯುರೋಪಿನಲ್ಲಿ ಸಿಕ್ಕ ಪ್ರಶಸ್ತಿಯೇ ನನಗೆ ಹೆಚ್ಚು ನ್ಯಾಯವೆನಿಸುತ್ತದೆ, ಆ ಕತ್ತಲ ತುಣುಕುಗಳೇ ಈ ಪ್ರೀತಿಯ ಅರ್ಧ ಕಥೆ.

ಕೊನೆಯಲ್ಲಿ ಇಬ್ಬರೂ ರಸ್ತೆಬದಿಯ ಬೆಂಚಿನಿಂದೆದ್ದು ಚೌಕಟ್ಟಿನಾಚೆ ಹೋಗುತ್ತಾರೆ. ಖಾಲಿ ಬೆಂಚು, ಬಯಲು, ಬೀಸುವ ಗಾಳಿ. ಆಮೇಲೆ ಜರ್ಮನ್ ಸಂಗೀತಕಾರ ಬಾಖ್‌ನ ಗೋಲ್ಡ್‌ಬರ್ಗ್ ರಚನೆಯ ಪಿಯಾನೊ. ಅದು ಪೂರ್ತಿ ನಿಲ್ಲುವವರೆಗೆ ದೀಪ ಹಾಕಬಾರದು. ಆ ಸಂಜೆ ಯಾರೂ ಹಾಕಲಿಲ್ಲ.