ಅವನಿಲ್ಲದ ಅರ್ಧ ಸಿನಿಮಾ

17 ನವೆಂಬರ್ 2024, ಭಾನುವಾರ

ಹೋದವನ ಮೇಜಿನ ಮೇಲಿರುವ ಕಾಗದಗಳನ್ನೆಲ್ಲ ಆಮೇಲೆ ಯಾರು ನೋಡಬೇಕು? ರಾತ್ರಿಯಿಂದ ಇದೇ ಯೋಚನೆ.

ಮಿಯಾ ಹಾನ್ಸೆನ್-ಲವ್ ಅವರ ‘ಫಾದರ್ ಆಫ್ ಮೈ ಚಿಲ್ಡ್ರನ್’ ನೋಡಿದೆವು, ಅಕ್ಕನೂ ನಾನೂ. 2009ರ ಫ್ರೆಂಚ್ ಸಿನಿಮಾ, ಅವರ ಎರಡನೆಯದು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಗ್ರೆಗ್ವಾರ್ ಪ್ಯಾರಿಸ್‌ನಲ್ಲಿ ಸಿನಿಮಾ ನಿರ್ಮಾಪಕ. ನಡೆಯುವಾಗ, ಕಾರು ಓಡಿಸುವಾಗ ಫೋನು ಕಿವಿಯಲ್ಲೇ. ಮೂವರು ಹೆಣ್ಣುಮಕ್ಕಳು. ಅವರನ್ನು ಕಂಡರೆ ಸಾಕು, ಮುಖ ಅರಳುತ್ತದೆ. ಸಾಲ ಮಾತ್ರ ಬೆಳೆಯುತ್ತಲೇ ಇದೆ. ಸ್ವೀಡನ್ನಿನ ಒಬ್ಬ ಹಟಮಾರಿ ನಿರ್ದೇಶಕನ ಖರ್ಚಂತೂ ಕೈ ಮೀರಿದೆ. ಸಿನಿಮಾ ಅರ್ಧಕ್ಕೆ ಬರುವ ಹೊತ್ತಿಗೆ ಅವನು ತನ್ನ ಜೀವ ತಾನೇ ತೆಗೆದುಕೊಳ್ಳುತ್ತಾನೆ.

ಅಕ್ಕ ಅಲ್ಲೇ ನಿಲ್ಲಿಸು ಅಂದಳು.

“ಮಕ್ಕಳು ಅಂದ್ರೆ ಅಷ್ಟು ಇಷ್ಟ ಅಲ್ವಾ ಅವನಿಗೆ? ಹೇಗೆ ಮನಸ್ಸು ಬಂತು?”

“ಗೊತ್ತಿಲ್ಲಕ್ಕ. ಸಿನಿಮಾನೂ ಹೇಳೋ ಹಾಗೆ ಕಾಣಲ್ಲ.”

“ಹೆಂಡತಿ ಹತ್ರ ಹೇಳ್ಬೋದಿತ್ತು, ಇಷ್ಟು ಸಾಲ ಇದೆ ಅಂತ.”

“ಕಷ್ಟ ಇದೆ ಅಂತ ಅವಳಿಗೂ ಸ್ವಲ್ಪ ಗೊತ್ತಿತ್ತಲ್ಲ.”

“ಸ್ವಲ್ಪ ಹೇಳೋದೇ ಕೆಟ್ಟದ್ದು ಕಣೇ. ಏನೂ ಹೇಳದೇ ಇದ್ರೆ ಜಗಳ ಮಾಡಿಯಾದ್ರೂ ಕೇಳ್ತೀವಿ. ಸ್ವಲ್ಪ ಹೇಳಿದ್ರೆ, ಇಷ್ಟೇ ಇರ್ಬೇಕು ಅಂತ ಸುಮ್ನಾಗಿಬಿಡ್ತೀವಿ.”

ಹೊರಗೆ ಜಗಲಿಯಲ್ಲಿ ಭಾವ ಫೋನಿನಲ್ಲಿದ್ದರು. ಅಕ್ಕ ಒಂದು ಸಲ ಬಾಗಿಲ ಕಡೆ ನೋಡಿದಳು. ಆಮೇಲೆ “ಹಾಕು, ನೋಡೋಣ” ಅಂದಳು.

ಉಳಿದ ಅರ್ಧದಲ್ಲಿ ಅವನಿಲ್ಲ. ಹೆಂಡತಿ ಸಿಲ್ವಿಯಾ ಅವನ ಆಫೀಸಿಗೆ ಹೋಗುತ್ತಾಳೆ. ಲೆಕ್ಕ ಕೇಳುತ್ತಾಳೆ, ಅರ್ಧಕ್ಕೆ ನಿಂತ ಸಿನಿಮಾಗಳನ್ನು ಉಳಿಸಲು ಓಡಾಡುತ್ತಾಳೆ. ಅಳುವುದಕ್ಕೂ ಬಿಡುವಿಲ್ಲದಷ್ಟು ಕೆಲಸ. ದೊಡ್ಡ ಮಗಳು ಕ್ಲೆಮಾನ್ಸ್‌ಗೆ ಅಪ್ಪನಿಗೆ ಒಬ್ಬ ಮಗನೂ ಇರುವುದು ಗೊತ್ತಾಗುತ್ತದೆ. ಕ್ಲೆಮಾನ್ಸ್ ಪಾತ್ರ ಮಾಡಿದ ಆಲಿಸ್, ಅಪ್ಪನ ಪಾತ್ರ ಮಾಡಿದ ನಟನ ನಿಜವಾದ ಮಗಳು. ಅದು ತಿಳಿದ ಮೇಲೆ ಅವರಿಬ್ಬರೂ ಒಟ್ಟಿಗಿರುವ ದೃಶ್ಯಗಳನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗ್ರೆಗ್ವಾರ್ ಪೂರ್ತಿ ಕಲ್ಪನೆಯಲ್ಲ. ಅಂಬೇರ್ ಬಾಲ್ಸಾನ್ ಎಂಬ ನಿರ್ಮಾಪಕರಿದ್ದರು. ಈಜಿಪ್ಟಿನ ಯೂಸುಫ್ ಶಹೀನ್, ಪ್ಯಾಲೆಸ್ತೀನಿನ ಎಲಿಯಾ ಸುಲೈಮಾನ್ ಅಂಥವರ ಸಿನಿಮಾಗಳಿಗೆ ದುಡ್ಡು ಹೊಂದಿಸಿದವರು. ಹಾನ್ಸೆನ್-ಲವ್ ಅವರ ಮೊದಲ ಸಿನಿಮಾಕ್ಕೂ ಬೆನ್ನಿಗೆ ನಿಂತಿದ್ದರು. 2005ರ ಫೆಬ್ರವರಿಯಲ್ಲಿ ಜೀವ ಕಳೆದುಕೊಂಡರು. ಆ ಮೊದಲ ಸಿನಿಮಾ ಬಂದದ್ದು 2007ರಲ್ಲಿ. ತನ್ನನ್ನು ನಂಬಿದವರು ಹೀಗೆ ಹೋದರೆ ಎಷ್ಟು ಸಿಟ್ಟು ಬರಬೇಡ! ಆದರೂ ಈ ಸಿನಿಮಾದಲ್ಲಿ ದೂರು ಇಲ್ಲ, ಅವರನ್ನು ದೇವರು ಮಾಡುವುದೂ ಇಲ್ಲ. ಉಳಿದವರಿಗೆ ಅವನಷ್ಟೇ ಜಾಗ ಕೊಟ್ಟಿದ್ದಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದು.

ಕೊನೆಗೆ ತಾಯಿ ಮಕ್ಕಳು ಪ್ಯಾರಿಸ್ ಬಿಟ್ಟು ಹೊರಡುವಾಗ ಡೋರಿಸ್ ಡೇ ಹಾಡಿದ ‘ಕೆ ಸೆರಾ ಸೆರಾ’ ಬರುತ್ತದೆ, ಆಗುವುದು ಆಗೇ ಆಗುತ್ತದೆ ಅನ್ನುವ ಹಾಡು. ನನಗೆ ಒಗ್ಗಲಿಲ್ಲ. ಆ ಮಕ್ಕಳಿಗೆ ಇಷ್ಟು ಬೇಗ ಅಷ್ಟು ಹಗುರವಾದ ಹಾಡು ಬೇಕಿತ್ತಾ? ಅಕ್ಕನಿಗೆ ಅದೇ ಇಷ್ಟವಾಯಿತು.

ಇವತ್ತು ಮಧ್ಯಾಹ್ನ ಊಟ ಬಡಿಸುವಾಗ ಭಾವನನ್ನು ಕೇಳಿದೆ, ಅಂಗಡಿ ಹೇಗಿದೆ ಅಂತ. “ಸ್ವಲ್ಪ ಟೈಟು, ಸರಿಹೋಗುತ್ತೆ” ಅಂದರು. ಅಕ್ಕ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ನಾದಿನಿ ನಾನು, ಇದಕ್ಕಿಂತ ಜಾಸ್ತಿ ಹೇಗೆ ಕೇಳಲಿ? ಅವಳೇ ಕೇಳಬೇಕು. ಕೇಳಿದರೆ ಪೂರ್ತಿ ಹೇಳುತ್ತಾರಾ, ಇಲ್ಲ ಅವಳಿಗೂ...